ಜಕರೀಯನು ಕೇಳಿದ ಹಲಗೆ

ಸ್ನಾನಿಕ ಯೊವಾನ್ನರ ಜನನದ ಮಹೋತ್ಸವ – ಜೂನ್ 24
ಶುಭಸಂದೇಶ: ಲೂಕ 1:57-66, 80



ಸಂತರ ಹಬ್ಬವನ್ನು ಧರ್ಮಸಭೆಯು ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟು ದೇವರ ಬಳಿಗೆ ಹೋದ ದಿನ ಆಚರಿಸುತ್ತದೆ. ಹುಟ್ಟಿದ ದಿನವನ್ನೇ ಹಬ್ಬವಾಗಿ ಕೊಂಡಾಡುವುದು ಮೂವರದ್ದು ಮಾತ್ರ. ಡಿಸೆಂಬರ್ 25ರಂದು ನಮ್ಮ ಪ್ರಭು ಯೇಸುವಿನದು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರದು, ಜೂನ್ 24ರಂದು ಸ್ನಾನಿಕ ಯೊವಾನ್ನರದು. ಈ ದಿನ ನಮ್ಮ ಗಮನವೆಲ್ಲ ಹುಟ್ಟಿದ ಮಗುವಿನ ಮೇಲಿರುತ್ತದೆ. ಇಂದು ನಾನು ಆ ಮಗುವಿನ ತಂದೆಯ ಬಗ್ಗೆ, ಅವನು ಕೇಳಿ ಪಡೆದ ಒಂದು ವಸ್ತುವಿನ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಕಥೆ ನಿಮಗೆ ಗೊತ್ತಿರುವುದೇ. ಮಗು ಹುಟ್ಟಿ ಎಂಟನೆಯ ದಿನ. ಮನೆ ತುಂಬ ನೆಂಟರಿಷ್ಟರು, ಅಕ್ಕಪಕ್ಕದವರು. ತಂದೆಯ ಹೆಸರನ್ನೇ ಮಗುವಿಗೂ ಇಡುವುದೆಂದು ಅವರಾಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ತಾಯಿ ಎಲಿಜಬೇತಳು ಬೇಡವೆನ್ನುತ್ತಾಳೆ, ಯೊವಾನ್ನನೆಂದು ಹೆಸರಿಡಬೇಕೆನ್ನುತ್ತಾಳೆ. ಯಾರೂ ಒಪ್ಪುವುದಿಲ್ಲ. ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರಿದ್ದಾರೆ ಎಂದು ತಕರಾರು. ಕೊನೆಗೆ ತಂದೆಯ ಕಡೆಗೆ ತಿರುಗಿ ಕೈಸನ್ನೆ ಮಾಡಿ ಕೇಳುತ್ತಾರೆ. ಅವನು ತಿಂಗಳುಗಟ್ಟಲೆ ಮೂಕನಾಗಿದ್ದವನು. ಬರೆಯುವ ಹಲಗೆಯೊಂದನ್ನು ತರಿಸಿಕೊಂಡು, ಮಗುವಿನ ಹೆಸರು ಯೊವಾನ್ನನೆಂದು ಬರೆದು ತೋರಿಸುತ್ತಾನೆ. ಎಲ್ಲರೂ ಬೆರಗಾಗುತ್ತಾರೆ.

ಈ ಘಟನೆಯಲ್ಲಿ ಮೂರು ಸಂಗತಿಗಳಿವೆ. ಒಂದು, ಜಕರೀಯನಿಗೆ ಧ್ವನಿ ಇರಲಿಲ್ಲ, ಆದರೆ ಹೇಳಬೇಕಾದ ಮಾತು ಅವನೊಳಗೆ ಇತ್ತು. ಎರಡು, ಅವನು ಸುಮ್ಮನಿದ್ದಾನೆಂದು ಇತರರು ಅವನ ಪರವಾಗಿ ತೀರ್ಮಾನ ಮಾಡಿಬಿಟ್ಟಿದ್ದರು. ಮೂರು, ಹಲಗೆ ಕೈಗೆ ಬಂದಾಗ ಅವನು ಬರೆದದ್ದು ಅವರು ನಿರೀಕ್ಷಿಸಿದ್ದನ್ನಲ್ಲ.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲೂ ಧ್ವನಿ ಇಲ್ಲದೆ ಬೆಳೆಯುತ್ತಿರುವ ಮಕ್ಕಳಿದ್ದಾರೆ. ನಾನು ಹೇಳುತ್ತಿರುವುದು ಆಟಿಸಂ ಇರುವ ಮಕ್ಕಳ ಬಗ್ಗೆ. ಅವರಲ್ಲಿ ಹಲವರು ತಡವಾಗಿಯಾದರೂ ಮಾತು ಕಲಿಯುತ್ತಾರೆ. ಆದರೆ ನೂರರಲ್ಲಿ ಸುಮಾರು ಮೂವತ್ತು ಮಕ್ಕಳು ಶಾಲೆಗೆ ಹೋಗುವ ವಯಸ್ಸು ದಾಟಿದರೂ ಒಂದೆರಡು ಪದಗಳಿಗಿಂತ ಹೆಚ್ಚು ಆಡುವುದಿಲ್ಲ ಎಂಬುದು ಸಂಶೋಧಕರ ಅಂದಾಜು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಜಕರೀಯನ ಮೌನ ಅವನ ಸಂಶಯದಿಂದ ಬಂದದ್ದೆಂದು ಶುಭಸಂದೇಶ ಹೇಳುತ್ತದೆ. ಈ ಮಕ್ಕಳ ಮೌನ ಹಾಗೆ ಬಂದದ್ದಲ್ಲ. ಅದು ಯಾರ ಪಾಪದ ಫಲವೂ ಅಲ್ಲ, ತಾಯಿ ಬಸುರಿನಲ್ಲಿ ಮಾಡಿದ ತಪ್ಪೂ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲವೆಂದು ಯೇಸುಸ್ವಾಮಿ ತಿಳಿಸಿದರು. ಆಟಿಸಂ ಎಂಬುದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ.

ಒಬ್ಬ ತಾಯಿ ನನಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅವರ ಮಗನಿಗೆ ಏಳು ವರ್ಷ, ಮಾತಿಲ್ಲ. ಒಂದು ಸಂಜೆ ಅಜ್ಜಿಯ ಕೈಹಿಡಿದು ಅಡುಗೆಮನೆಗೆ ಎಳೆದ. ಅಜ್ಜಿ ನೀರು ಕೊಟ್ಟರು, ಚೆಲ್ಲಿದ. ಬಿಸ್ಕತ್ತು ಕೊಟ್ಟರು, ಎಸೆದ. ಹಾಲು ಕಾಯಿಸಿ ಕೊಟ್ಟರು, ಲೋಟ ತಳ್ಳಿದ. ಆಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಹಟ ಎಂದರು ಕೆಲವರು. ಮುದ್ದು ಹೆಚ್ಚಾಯಿತು ಎಂದರು ಇನ್ನು ಕೆಲವರು. ಮೂರನೆಯ ದಿನ ಕಿವಿಯಿಂದ ಕೀವು ಸೋರಿದಾಗ ಗೊತ್ತಾಯಿತು, ಅವನಿಗಿದ್ದದ್ದು ಕಿವಿನೋವು. ಹಿಂದೊಮ್ಮೆ ಕಿವಿಗೆ ಹಾಕಿದ್ದ ಔಷಧಿಯ ಸೀಸೆ ಅಡುಗೆಮನೆಯ ಫ್ರಿಜ್ಜಿನಲ್ಲಿತ್ತು! "ಫಾದರ್, ಮೂರು ದಿನ ಅವನು ಹೇಳ್ತಾನೇ ಇದ್ದ. ಕೇಳಿಸಿಕೊಳ್ಳೋಕೆ ನಮಗೆ ಬರಲಿಲ್ಲ" ಎಂದು ಆ ತಾಯಿ ಅತ್ತರು.

ಇಂಥ ಮಗುವಿಗೆ ಬೇಕಾದದ್ದು ಜಕರೀಯನು ಕೇಳಿದ್ದೇ: ಒಂದು ಹಲಗೆ. ಇಂದು ಅಂಥ ಹಲಗೆಗಳು ಹಲವು ಬಗೆಯವು ಸಿಗುತ್ತವೆ. ಯಾವುದನ್ನು ಆರಿಸಬೇಕು ಎಂಬುದೇ ತಂದೆತಾಯಿಗಳ ಪ್ರಶ್ನೆ.

ಆರಿಸುವುದಕ್ಕೆ ಮೊದಲು ಒಂದು ಭಯವನ್ನು ಕಳೆಯಬೇಕು. ಯಂತ್ರ ಕೈಗೆ ಕೊಟ್ಟರೆ ಮಗು ಸೋಮಾರಿಯಾಗುತ್ತದೆ, ಬರಬೇಕಾದ ಮಾತೂ ಬಾರದೆ ಹೋಗುತ್ತದೆ ಎಂದು ಮನೆಯ ಹಿರಿಯರು ಹೆದರುತ್ತಾರೆ. ಹೀಗಾಗಿ ಇನ್ನೊಂದು ವರ್ಷ ನೋಡೋಣ, ಮತ್ತೊಂದು ವರ್ಷ ನೋಡೋಣ ಎಂದು ಕಾಯುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಎಂಬ ಸಂಶೋಧಕರು ಬೆಳವಣಿಗೆಯ ತೊಂದರೆ ಇರುವವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿದರು. ಗಟ್ಟಿ ಸಾಕ್ಷ್ಯ ದೊರೆತ 27 ಮಂದಿಯಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇಕಡಾ 89ರಷ್ಟು ಮಂದಿಯ ಮಾತು ಹೆಚ್ಚಿತ್ತು, ಉಳಿದವರದು ಇದ್ದಂತೆಯೇ ಇತ್ತು. ಹೆಚ್ಚಿದ್ದು ಬಹಳವೇನಲ್ಲ, ಆದರೆ ಯಾರೂ ಕಳೆದುಕೊಂಡಿರಲಿಲ್ಲ. ಜಕರೀಯನು ಹಲಗೆಯ ಮೇಲೆ ಬರೆದೊಡನೆ ಅವನ ಬಾಯಿ ತೆರೆಯಿತು. ನಮ್ಮ ಮಕ್ಕಳಿಗೂ ಹಾಗೆಯೇ ಆಗುತ್ತದೆಂದು ನಾನು ಮಾತು ಕೊಡಲಾರೆ. ಕೆಲವರಿಗೆ ಮಾತು ಬರಬಹುದು, ಕೆಲವರಿಗೆ ಬಾರದಿರಬಹುದು. ಹಲಗೆಯನ್ನು ಕೊಡುವುದು ಬಾಯಿ ತೆರೆಸಲಿಕ್ಕಲ್ಲ, ಮಗು ಹೇಳುವುದನ್ನು ನಾವು ಕೇಳಲಿಕ್ಕೆ.

ಹಾಗಾದರೆ ಯಾವ ಯಾವ ಹಲಗೆಗಳಿವೆ? ಎಲ್ಲಕ್ಕಿಂತ ಸರಳವಾದದ್ದು ಚಿತ್ರಗಳ ಕಾರ್ಡು. 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬುವರು ಒಂದು ಕ್ರಮವನ್ನು ರೂಪಿಸಿದರು. ಮಗುವು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ತೆಗೆದು ಎದುರಿನವರ ಕೈಗೆ ಕೊಡಬೇಕು. ಹೀಗೆ ಕೊಡುವಾಗ ಮಗುವು ಇನ್ನೊಬ್ಬರ ಹತ್ತಿರ ತಾನೇ ಹೋಗಲು ಕಲಿಯುತ್ತದೆ. ಎರಡನೆಯದು ಒಂದೋ ಎರಡೋ ಮಾತುಗಳನ್ನು ನಮ್ಮದೇ ಧ್ವನಿಯಲ್ಲಿ ತುಂಬಿಡಬಹುದಾದ ದೊಡ್ಡ ಗುಂಡಿಯ ಸಣ್ಣ ಯಂತ್ರ. ಮೂರನೆಯದು ಟ್ಯಾಬ್. ಅದರ ಪರದೆಯ ಮೇಲೆ ಚಿತ್ರಗಳ ಮನೆಗಳಿರುತ್ತವೆ, ಮುಟ್ಟಿದರೆ ಯಂತ್ರ ಆ ಪದವನ್ನು ನುಡಿಯುತ್ತದೆ. ನಾವೆಲ್ಲ ಸ್ಲೇಟು ಬಳಪ ಹಿಡಿದು ಅಕ್ಷರ ಕಲಿತವರು. ಇದೂ ಒಂದು ಸ್ಲೇಟು, ನುಡಿಯುವ ಸ್ಲೇಟು. ಇದಕ್ಕೆಂದೇ ತಯಾರಾಗಿ ಹೊರದೇಶಗಳಿಂದ ಬರುವ ಯಂತ್ರಗಳ ಬೆಲೆ ಲಕ್ಷಗಳಲ್ಲಿತ್ತು. ಆಗ ಚೆನ್ನೈನ ಅಜಿತ್ ನಾರಾಯಣನ್ ಎಂಬ ಇಂಜಿನಿಯರ್ ಭಾರತದ ಮಕ್ಕಳಿಗಾಗಿ 'ಆವಾಜ್' ಎಂಬುದನ್ನು ರೂಪಿಸಿದರು. ಅದಕ್ಕಾಗಿ 2011ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪತ್ರಿಕೆ ಅವರನ್ನು ಜಗತ್ತಿನ 35 ಯುವ ಸಂಶೋಧಕರ ಪಟ್ಟಿಯಲ್ಲಿ ಸೇರಿಸಿತು. ಈಗ ಅದು ಸಾಮಾನ್ಯ ಟ್ಯಾಬ್‌ಗಳಲ್ಲಿ ಹಾಕಿಕೊಳ್ಳುವ ಆ್ಯಪ್ ಆಗಿದೆ. ಮುಂಬೈನ ಐ.ಐ.ಟಿ.ಯವರು 'ಜೆಲ್ಲೋ' ಎಂಬ ಆ್ಯಪನ್ನು ಉಚಿತವಾಗಿ ಕೊಟ್ಟಿದ್ದಾರೆ.

ಇವುಗಳಲ್ಲಿ ಹೆಚ್ಚು ಬೆಲೆಯದೇ ಒಳ್ಳೆಯದೆಂದು ಭಾವಿಸಬೇಡಿ. ಅಂಗಡಿಗೆ ಹೋಗುವ ಮುನ್ನ ಅನುಭವವಿರುವ ವಾಕ್ ಚಿಕಿತ್ಸಕರಿಗೆ ಮಗುವನ್ನು ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ನಮ್ಮ ರಾಜ್ಯದ ಭಾಗ್ಯವೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತಿಗೆ ಬದಲಾಗಿ, ಮಾತಿಗೆ ನೆರವಾಗಿ ಬಳಸುವ ಸಾಧನಗಳಿಗೇ ಅಲ್ಲಿ ಒಂದು ವಿಭಾಗವಿದೆ. ಬೆಲೆಗಿಂತ ಮುಂಚೆ ಈ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಮಗುವಿನ ಬೆರಳು. ಒಂದೇ ಬೆರಳಿನಿಂದ ಸಣ್ಣ ಚಿತ್ರವನ್ನು ಮುಟ್ಟಬಲ್ಲದೆ, ಅಥವಾ ಇಡೀ ಅಂಗೈ ಬಡಿಯುತ್ತದೆಯೆ? ಅದಕ್ಕೆ ತಕ್ಕಂತೆ ಮನೆಗಳ ಗಾತ್ರವಿರಬೇಕು. ಆದರೆ ಒಮ್ಮೆ ಇಟ್ಟ ಚಿತ್ರದ ಜಾಗವನ್ನು ಮತ್ತೆ ಮತ್ತೆ ಬದಲಿಸಬೇಡಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ದಿನಕ್ಕೊಂದು ಕಡೆ ಇದ್ದರೆ ನಮಗೆ ಹೇಗಾಗುತ್ತದೋ ಮಗುವಿಗೂ ಹಾಗೆಯೇ. ಅದರ ಕೈ ದಾರಿಯನ್ನು ಕಲಿಯುತ್ತದೆ.

ಎರಡನೆಯದು, ಭಾಷೆ. ಶಾಲೆಯಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡವೋ ಕೊಂಕಣಿಯೋ ತಮಿಳೋ. ಎರಡು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆಂದು ಮನೆಯ ಮಾತನ್ನೇ ಬಿಟ್ಟವರನ್ನು ನಾನು ಬಲ್ಲೆ. ಆಟಿಸಂ ಇರುವ ಮಕ್ಕಳಿಗೆ ಎರಡು ಭಾಷೆಯಿಂದ ಹಾನಿಯಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿ ಮಗು ಅಜ್ಜಿಯನ್ನು ಕರೆಯುವುದಾದರೂ ಹೇಗೆ? ಆದ್ದರಿಂದ ಕೊಳ್ಳುವ ಮುನ್ನ ಅದರಲ್ಲಿ ಕನ್ನಡದ ಪದಗಳಿವೆಯೆ, ಧ್ವನಿ ಸ್ಪಷ್ಟವಾಗಿದೆಯೆ, ನಮ್ಮ ಮನೆಯ ಮಾತನ್ನು ನಾವೇ ತುಂಬಬಹುದೆ ಎಂದು ಕೂತು ಕೇಳಿ ನೋಡಿ.

ಮೂರನೆಯದು, ಬಾಳಿಕೆ. ಬಿದ್ದರೆ ಒಡೆಯದಂಥ ಕವಚವಿದೆಯೆ, ಹೆಗಲಿಗೆ ತೂಗಿಸಿಕೊಳ್ಳಬಹುದೆ, ಚಾರ್ಜು ದಿನವಿಡೀ ನಿಲ್ಲುತ್ತದೆಯೆ, ಸಂತೆಯ ಗದ್ದಲದಲ್ಲೂ ಕೇಳಿಸುತ್ತದೆಯೆ? ಕರೆಂಟು ಹೋದಾಗ ಮಗು ಮೂಕವಾಗಬಾರದು. ಅದೇ ಚಿತ್ರಗಳನ್ನು ಕಾಗದದ ಮೇಲೂ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ಳಿ. ಮಾತಿನ ಟ್ಯಾಬಿನಲ್ಲಿ ಯೂಟ್ಯೂಬ್ ಬೇಡ. ಆಟದ ಸಾಮಾನು ಬೇರೆ, ಬಾಯಿ ಬೇರೆ.

ಇನ್ನು ನಾಲ್ಕನೆಯ ಪ್ರಶ್ನೆ. ಇದೇ ಎಲ್ಲಕ್ಕಿಂತ ದೊಡ್ಡದು. ಈ ಹಲಗೆಯಲ್ಲಿ ಯಾರ ಮಾತುಗಳಿವೆ?

ನಾವು ಮಗುವಿಗಾಗಿ ಪದಗಳನ್ನು ಆರಿಸುವಾಗ ಏನು ಮಾಡುತ್ತೇವೆ? ನೀರು, ಅನ್ನ, ಬಿಸ್ಕತ್ತು, ಬಾತ್‌ರೂಮು, ಪ್ಲೀಸ್, ಥ್ಯಾಂಕ್ಯೂ. ಇವೆಲ್ಲ ನಮಗೆ ಅನುಕೂಲವಾದ ಮಾತುಗಳು. ಮಗು ಕೇಳಲಿ, ನಾವು ಕೊಡುತ್ತೇವೆ, ಅದು ಥ್ಯಾಂಕ್ಯೂ ಎನ್ನಲಿ. ಆದರೆ 'ಬೇಡ' ಎಲ್ಲಿದೆ? 'ನಿಲ್ಲಿಸು' ಎಲ್ಲಿದೆ? 'ನೋವು', 'ಭಯ', 'ಅದಲ್ಲ', 'ನನ್ನನ್ನು ಬಿಡು', 'ಮನೆಗೆ ಹೋಗೋಣ', 'ಅವರು ನನ್ನನ್ನು ಹೊಡೆದರು' ಎಲ್ಲಿವೆ? ಮಾತು ಬಾರದ ಮಕ್ಕಳಿಗೆ ಯಾರಾದರೂ ಕೇಡು ಮಾಡಿದರೆ ಅವರು ಮನೆಯಲ್ಲಿ ಹೇಳಲಾರರು. ದೇಹದ ಅಂಗಗಳ ಹೆಸರುಗಳನ್ನೂ ಹಲಗೆಯಲ್ಲಿ ಇಡಿ, ನಾಚಿಕೆಪಟ್ಟು ಬಿಡಬೇಡಿ. ಕಿವಿನೋವಿನ ಆ ಹುಡುಗನಿಗೆ 'ಕಿವಿ', 'ನೋವು' ಎಂಬ ಎರಡು ಚಿತ್ರಗಳಿದ್ದರೆ ಸಾಕಿತ್ತು.

ಪ್ರಿಯರೇ, ಜಕರೀಯನ ನೆಂಟರು ಅವನಿಗೆ ಹಲಗೆ ಕೊಟ್ಟು, ತಾವು ಇಟ್ಟ ಹೆಸರನ್ನೇ ಬರೆಯಬೇಕೆಂದು ಹೇಳಿದ್ದರೆ ಅದು ಅವನ ಹಲಗೆ ಆಗುತ್ತಿತ್ತೆ? ಅವನು ಅವರಿಗೆ ವಿರುದ್ಧವಾಗಿ ಬರೆದ. ಬೇಡವೆನ್ನಲು ಅವಕಾಶವಿಲ್ಲದ ಹಲಗೆ ಮಗುವಿನ ಹಲಗೆಯಲ್ಲ, ನಮ್ಮದೇ ಇನ್ನೊಂದು ಬಾಯಿ. ಅಜ್ಜಿ ಮುದ್ದು ಮಾಡಲು ಬಂದಾಗ ಮಗು 'ಬೇಡ' ಒತ್ತಿದರೆ ನೋವಾಗುತ್ತದೆ, ನಿಜ. ಆದರೂ ಆ ಮೊದಲ 'ಬೇಡ'ವನ್ನು ಗೌರವಿಸಿ. ತನ್ನ ಮಾತಿಗೆ ಬೆಲೆಯಿದೆ ಎಂದು ಮಗುವಿಗೆ ಗೊತ್ತಾಗುವುದು ಅಂದೇ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಗುವಿನ ಕೈಯನ್ನೋ ತೋಳನ್ನೋ ಹಿಡಿದು ಅಕ್ಷರಗಳನ್ನು ಮುಟ್ಟಿಸುತ್ತ, ಮಗುವೇ ಪುಟಗಟ್ಟಲೆ ಬರೆಯಿತೆಂದು ಹೇಳುವ ವಿಧಾನವೊಂದಿದೆ. 1990ರ ದಶಕದಲ್ಲೇ ಅದನ್ನು ಪರೀಕ್ಷಿಸಿದಾಗ, ಬರೆಯುತ್ತಿದ್ದದ್ದು ಮಗುವಲ್ಲ, ಕೈ ಹಿಡಿದವರು ತಮಗರಿವಿಲ್ಲದೆ ನಡೆಸುತ್ತಿದ್ದರೆಂದು ತಿಳಿದುಬಂತು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘವು 2018ರಲ್ಲಿ ಈ ವಿಧಾನವನ್ನು ಬಳಸಬಾರದೆಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಕಲಿಸುವಾಗ ಮೊದಮೊದಲು ಕೈ ತೋರಿಸಬೇಕಾಗಬಹುದು. ಆದರೆ ಮಾತು ಮಗುವಿನದಾಗಬೇಕಾದರೆ ಬೆರಳೂ ಮಗುವಿನದೇ ಆಗಬೇಕು.

ಹಲಗೆ ಆರಿಸಿ ತಂದ ಮೇಲೆ ಏನು? ಹಾರ್ಮೋನಿಯಂ ತಂದ ಮಾತ್ರಕ್ಕೆ ಸಂಗೀತ ಬರುವುದಿಲ್ಲ. ಹುಟ್ಟಿದ ಮಗು ಮೊದಲ ಪದವನ್ನಾಡುವ ಮುನ್ನ ಒಂದು ವರ್ಷ ನಮ್ಮ ಮಾತನ್ನು ಕೇಳುತ್ತದೆ. ಹಲಗೆಯ ಮಾತನ್ನೂ ಅದು ಹಾಗೆಯೇ ಕೇಳಿ ಕಲಿಯಬೇಕು. ಅಂದರೆ ಅಪ್ಪ, ಅಮ್ಮ, ಅಕ್ಕ, ಅಜ್ಜಿ ಎಲ್ಲರೂ ತಾವು ಮಾತಾಡುವಾಗ ಆ ಹಲಗೆಯನ್ನೂ ಮುಟ್ಟಿ ತೋರಿಸಬೇಕು. ಊಟಕ್ಕೆ ಕರೆಯುವಾಗ 'ಬಾ' ಮುಟ್ಟಿ, 'ಊಟ' ಮುಟ್ಟಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮಗು ಒಂದೇ ಚಿತ್ರವನ್ನು ಇಪ್ಪತ್ತು ಸಲ ಒತ್ತಿದರೆ ಗದರಬೇಡಿ. ಹಸುಳೆಯ ತೊದಲು ಮಾತಿಗೆ ಯಾರಾದರೂ ಗದರುತ್ತಾರೆಯೆ? ತಂಟೆ ಮಾಡಿತೆಂದು ಹಲಗೆಯನ್ನು ಕಿತ್ತು ಬೀರುವಿನಲ್ಲಿಡಬೇಡಿ. ಮಾತಾಡುವ ಮಗು ತಪ್ಪು ಮಾಡಿದರೆ ನಾವು ಅದರ ನಾಲಿಗೆಯನ್ನು ಕಿತ್ತಿಡುವುದಿಲ್ಲ. ವಾರಗಳಲ್ಲ, ತಿಂಗಳುಗಳೇ ಬೇಕಾದೀತು. ಜಕರೀಯನ ಮನೆಯವರೂ ತಿಂಗಳುಗಟ್ಟಲೆ ಕಾದವರೇ.

ಖರ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಲು ಅವಮಾನವೆಂದು ಹಿಂಜರಿಯಬೇಡಿ. 1999ರ ಕಾಯ್ದೆಯಂತೆ ರಚನೆಯಾದ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ಇಂಥ ಮಕ್ಕಳಿಗೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಅಷ್ಟರಲ್ಲಿ ಕಾರ್ಡುಗಳನ್ನು ಮನೆಯಲ್ಲೇ ಮಾಡಿಕೊಂಡು ಇಂದೇ ಆರಂಭಿಸಬಹುದು. ಒಳ್ಳೆಯ ಟ್ಯಾಬ್ ಬರಲೆಂದು ಕಾಯುತ್ತಿರುವ ಮಗು ಅಲ್ಲಿಯವರೆಗೂ ಮೌನವಾಗಿರಬೇಕೆಂದಿಲ್ಲ. ನಮ್ಮ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು, ಯುವಜನರು ಇಂಥ ಒಂದು ಮನೆಗೆ ನೆರವಾದರೆ ಅದು ಹಬ್ಬದ ಪಟಾಕಿಗಿಂತ ಹೆಚ್ಚು ಶಬ್ದ ಮಾಡುವ ಸೇವೆ.

ಕೊನೆಯದಾಗಿ, ದೇವಾಲಯದ ಮಾತು. ಹಲಗೆಯನ್ನು ಮನೆಯಲ್ಲೇ ಬಿಟ್ಟು ಮಗುವನ್ನು ಪೂಜೆಗೆ ಕರೆತರುವವರಿದ್ದಾರೆ, ಪ್ರಬೋಧನೆಯ ಮಧ್ಯದಲ್ಲಿ ಸದ್ದಾದೀತೆಂದು. ಮಗುವನ್ನೇ ಮನೆಯಲ್ಲಿ ಬಿಟ್ಟು ಬರುವವರೂ ಇದ್ದಾರೆ, ಜನ ತಿರುಗಿ ನೋಡುತ್ತಾರೆಂದು. ತಿರುಗಿ ನೋಡುವವರು ನಾವೇ ಅಲ್ಲವೆ? ಹದಿನೇಳನೆಯ ಶತಮಾನದ ಆರಂಭದಲ್ಲಿ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರು ಮಾರ್ಟಿನ್ ಎಂಬ ಕಿವುಡ ಮೂಕ ಯುವಕನಿಗೆ ಕೈಸನ್ನೆಗಳಿಂದಲೇ ಧರ್ಮೋಪದೇಶ ಕಲಿಸಿ ಪರಮಪ್ರಸಾದಕ್ಕೆ ಸಿದ್ಧಗೊಳಿಸಿದರು. ಅವನು ಮಾತು ಕಲಿಯಲೆಂದು ಕಾಯಲಿಲ್ಲ. ತಾವೇ ಅವನ ಭಾಷೆಯನ್ನು ಕಲಿತರು. 2020ರಲ್ಲಿ ರೋಮಿನಿಂದ ಪ್ರಕಟವಾದ ಧರ್ಮೋಪದೇಶದ ಮಾರ್ಗದರ್ಶಿಯೂ ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲವೆಂದು ತಿಳಿಸುತ್ತದೆ. ಆದ್ದರಿಂದ ತಂದೆತಾಯಿಗಳೇ, ಹಲಗೆಯೊಂದಿಗೇ ಮಗುವನ್ನು ಕರೆತನ್ನಿ. ಅದರಲ್ಲಿ 'ಆಮೆನ್' ಎಂಬ ಒಂದು ಮನೆ ಇರಲಿ, 'ಶಾಂತಿ' ಎಂಬ ಒಂದು ಮನೆ ಇರಲಿ. 'ಸಾಕು, ಹೊರಗೆ ಹೋಗೋಣ' ಎಂಬುದೂ ಇರಲಿ. ದೊಡ್ಡವರಿಗೂ ಒಮ್ಮೊಮ್ಮೆ ಹಾಗನ್ನಿಸುವುದು ದೇವರಿಗೆ ಗೊತ್ತು. ಉಳಿದವರೆಲ್ಲರೂ ಆ ಯಂತ್ರದ ಧ್ವನಿ ಕೇಳಿದಾಗ ಗೊಂದಲವೆಂದು ತಿಳಿಯಬೇಡಿ. ಅದು ನಮ್ಮಲ್ಲೊಬ್ಬರು ಮಾತಾಡುತ್ತಿರುವ ಧ್ವನಿ.

ಜೆರಿಕೋ ಊರಿನ ದಾರಿಯಲ್ಲಿ ಕೂಗುತ್ತಿದ್ದ ಕುರುಡನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಸುಮ್ಮನಿರೆಂದು ಜನ ಅವನನ್ನು ಗದರಿಸಿದರು. ಯೇಸುಸ್ವಾಮಿ ಮಾತ್ರ ನಿಂತು, ತಾನು ಏನು ಮಾಡಬೇಕೆಂದು ಅವನನ್ನೇ ಕೇಳಿದರು. ಗೊತ್ತಿದ್ದರೂ ಕೇಳಿದರು, ಅವನ ಉತ್ತರಕ್ಕೆ ಕಾದರು. ನಮ್ಮ ಮನೆಯ ಮಾತಿಲ್ಲದ ಮಗುವಿಗೂ ನಾವು ಮಾಡಬೇಕಾದದ್ದು ಇಷ್ಟೇ. ಕೇಳೋಣ, ಉತ್ತರ ಕೊಡಲು ಅದಕ್ಕೆ ತಕ್ಕ ಹಲಗೆಯೊಂದನ್ನು ಕೊಡೋಣ, ಬಂದ ಉತ್ತರ ನಮಗೆ ಹಿಡಿಸದಿದ್ದರೂ ಸ್ವೀಕರಿಸೋಣ. ಆ ತಾಳ್ಮೆಯನ್ನು ಸ್ನಾನಿಕ ಯೊವಾನ್ನರ ಪ್ರಾರ್ಥನೆಯ ಮೂಲಕ ದೇವರು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ. ಆಮೆನ್.